ಬಿಡಿ ವಚನದ ಹಟ: ಬಳ್ಳಾರಿಯ ಬೈಬಲ್, ಜೈನ ನಯವಾದ ಮತ್ತು ಪೂರ್ವಾಪರದ ಪ್ರಶ್ನೆ

ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರುಗಳ ಸೀಮೆಯು ಹಲವು ಮತಗಳು ಒಂದರ ಮಗ್ಗುಲಲ್ಲಿ ಒಂದು ಬೇರೂರಿದ ನೆಲ. ಕೋಗಳಿಯಲ್ಲಿ ಶಾಸನಗಳುಳ್ಳ ಪ್ರಾಚೀನ ಬಸದಿಯಿದೆ. ಬಾಗಳಿಯ ಕಲ್ಲೇಶ್ವರ ದೇವಾಲಯವು ದುಗ್ಗಿಮಯ್ಯನ ಹೆಸರನ್ನು ಹೇಳುವ 987ರ ಶಾಸನವನ್ನು ಉಳಿಸಿಕೊಂಡಿದೆ. ಉಜ್ಜಿನಿಯಲ್ಲಿ ವೀರಶೈವರ ಪಂಚಪೀಠಗಳಲ್ಲೊಂದು, ಕೊಟ್ಟೂರಿನಲ್ಲಿ ಕೊಟ್ಟೂರೇಶ್ವರನ ಮಠ, ಹರಪನಹಳ್ಳಿಯ ಹೆಸರಿನೊಂದಿಗೆ ಹರಿದಾಸ ಸಾಹಿತ್ಯದಲ್ಲಿ ನೆಲೆಗೊಂಡ ಭೀಮವ್ವ. 1800ರಲ್ಲಿ ನಿಜಾಮನು ಬಳ್ಳಾರಿ ಪ್ರಾಂತವನ್ನು ಕಂಪನಿ ಸರಕಾರಕ್ಕೆ ಬಿಟ್ಟುಕೊಟ್ಟ ಹತ್ತು ವರ್ಷಗಳಲ್ಲಿ, ಅಂದರೆ 1810ರಲ್ಲಿ, ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು. ಅವರೂ ವಿಲಿಯಂ ರೀವರೂ ನಡೆಸಿದ ದೀರ್ಘ ದುಡಿಮೆಯ ಫಲವಾಗಿ 1831ರ ಹೊತ್ತಿಗೆ ಪೂರ್ಣ ಬೈಬಲ್ ಕನ್ನಡದಲ್ಲಿ ಹೊರಬಂದಿತು. ಅದೇ ರೀವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಪ್ರಕಟವಾಯಿತು. ಹೀಗೆ ಬೈಬಲ್ ಕನ್ನಡದ ಗ್ರಂಥವಾಗಿ ಎರಡು ಶತಮಾನಗಳೇ ಸಮೀಪಿಸುತ್ತಿವೆ.

ಆದರೂ ಕನ್ನಡದ ವಿದ್ವತ್ತು ಈ ಗ್ರಂಥವನ್ನು ಗ್ರಂಥವಾಗಿ ಓದಿದ್ದು ವಿರಳ. ಓದಿದವರಲ್ಲಿ ಬಹುಪಾಲು ಜನ ಅದನ್ನು ಬಿಡಿ ವಾಕ್ಯಗಳ ಬತ್ತಳಿಕೆಯಾಗಿ ಬಳಸಿದರು. ಭಕ್ತನು ತನಗೆ ಬೇಕಾದ ಸಾಲನ್ನು ಕಿತ್ತು ಗೋಡೆಗೆ ತೂಗುಹಾಕಿದ. ಖಂಡನಕಾರನು ತನಗೆ ಬೇಕಾದ ಸಾಲನ್ನು ಕಿತ್ತು ಕರಪತ್ರದಲ್ಲಿ ಅಚ್ಚುಹಾಕಿದ. ಸಂಶೋಧನ ವಿದ್ಯಾರ್ಥಿಯು ಆ ಕರಪತ್ರದಿಂದಲೋ ಗೋಡೆಯಿಂದಲೋ ಅದನ್ನು ಎತ್ತಿ ತನ್ನ ಪ್ರಬಂಧದ ಅಡಿಟಿಪ್ಪಣಿಗೆ ಇಳಿಸಿದ. ಮೂವರೂ ಮಾಡಿದ ತಪ್ಪು ಒಂದೇ. ಪೂರ್ವಾಪರವನ್ನು ಬಿಟ್ಟ ಅರ್ಥನಿರ್ಣಯವು ಪೂಜೆಯಲ್ಲಿದ್ದರೂ ತಪ್ಪು, ದೂಷಣೆಯಲ್ಲಿದ್ದರೂ ತಪ್ಪು. ವಿಶ್ವವಿದ್ಯಾಲಯದಲ್ಲಿ ಅದು ಅಕ್ಷಮ್ಯವೂ ಹೌದು.

ಈ ತಪ್ಪಿಗೆ ಕನ್ನಡದಲ್ಲಿ ಒಂದು ವಿಶೇಷ ಕಾರಣವೂ ಸೇರಿಕೊಂಡಿದೆ. ಕನ್ನಡ ಬೈಬಲ್ ತನ್ನ ವಿಭಾಗಗಳಿಗೆ ಈ ನೆಲದ ಪದಗಳನ್ನೇ ತೆಗೆದುಕೊಂಡಿತು. ಮೋಶೆಯ ಗ್ರಂಥಗಳು ‘ಕಾಂಡ’ಗಳಾದವು, ದಾವೀದನ ಹೆಸರಿನ ಹಾಡುಗಳು ‘ಕೀರ್ತನೆ’ಗಳಾದವು, ಅಂಕಿ ಹಚ್ಚಿದ ಪ್ರತಿಯೊಂದು ತುಣುಕೂ ‘ವಚನ’ವಾಯಿತು. ಪದಗಳ ಆಯ್ಕೆಯಲ್ಲಿ ದೋಷವಿಲ್ಲ. ಆದರೆ ‘ವಚನ’ವೆಂದೊಡನೆ ಕನ್ನಡ ಓದುಗನ ಮನಸ್ಸಿನಲ್ಲಿ ಮೂಡುವುದು ಶರಣರ ವಚನ: ಆದಿಯಿಂದ ಅಂಕಿತದವರೆಗೆ ತನ್ನಲ್ಲಿ ತಾನು ಪೂರ್ಣವಾದ, ಒಬ್ಬನೇ ಕರ್ತೃ ಉದ್ದೇಶಪಟ್ಟು ಮುಗಿಸಿದ ರಚನೆ. ಬೈಬಲಿನ ವಚನವು ಅಂತಹದಲ್ಲ. ಅಲ್ಲಿ ಒಂದು ವಾಕ್ಯ ಮೂರು ವಚನಗಳಿಗೆ ಹರಿಯಬಹುದು. ಒಂದು ವಚನದಲ್ಲಿ ಅರ್ಧ ವಾಕ್ಯ ಮಾತ್ರ ಇರಬಹುದು. ಶರಣರ ವಚನವನ್ನು ಓದುವ ಕಣ್ಣಿನಿಂದ ಪೌಲನ ಪತ್ರದ ವಚನವನ್ನು ಓದುವವನು ಕಾಗದದ ನಡುವಿನ ಒಂದು ತುಂಡನ್ನು ಇಡಿಯ ಕಾಗದವೆಂದು ಭ್ರಮಿಸುತ್ತಾನೆ.

ಅಂಕಿಗಳ ಚರಿತ್ರೆಯನ್ನು ನೋಡಿದರೆ ಈ ಭ್ರಮೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಇಂದು ಬಳಕೆಯಲ್ಲಿರುವ ಅಧ್ಯಾಯ ವಿಭಾಗವನ್ನು 13ನೆಯ ಶತಮಾನದ ಸ್ಟೀಫನ್ ಲ್ಯಾಂಗ್ಟನ್ ಅವರ ಹೆಸರಿನೊಂದಿಗೆ ಗುರುತಿಸುತ್ತಾರೆ. ಹೀಬ್ರೂ ಗ್ರಂಥಗಳಲ್ಲಿ ವಾಕ್ಯವಿರಾಮದ ಗುರುತುಗಳು ಮೊದಲೇ ಇದ್ದವು. ಆದರೆ ಹೊಸ ಒಡಂಬಡಿಕೆಯ ಇಂದಿನ ವಚನಸಂಖ್ಯೆಗಳನ್ನು ಹಾಕಿದವರು ಮುದ್ರಕ ರಾಬರ್ಟ್ ಎಸ್ತಿಯೆನ್, ಅದೂ 1551ರ ಮುದ್ರಣದಲ್ಲಿ. ಅಂದರೆ ಪೌಲನು ಪತ್ರ ಬರೆದ ಸುಮಾರು ಒಂದೂವರೆ ಸಾವಿರ ವರ್ಷಗಳ ಬಳಿಕ. ಹುಡುಕುವುದಕ್ಕೆ ಅನುಕೂಲವಾಗಲೆಂದು ಇಟ್ಟ ಈ ಗುರುತುಗಳು ಎಷ್ಟೋ ಕಡೆ ಅರ್ಥದ ಗಡಿಯನ್ನು ತಪ್ಪಿವೆ. ಸೃಷ್ಟಿಯ ಏಳು ದಿನಗಳ ಕಥನದಲ್ಲಿ ಏಳನೆಯ ದಿನವು ಆದಿಕಾಂಡದ ಎರಡನೆಯ ಅಧ್ಯಾಯಕ್ಕೆ ಸರಿದುಹೋಗಿದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹತ್ತನೆಯ ಅಧ್ಯಾಯದ ಮುಕ್ತಾಯವಾಕ್ಯವು ಹನ್ನೊಂದನೆಯ ಅಧ್ಯಾಯದ ಮೊದಲ ವಚನವಾಗಿ ಕುಳಿತಿದೆ. ಪಂಪನ ಆಶ್ವಾಸವಿಭಾಗ ಪಂಪನದೇ. ಎಲ್ಲಿ ನಿಲ್ಲಬೇಕೆಂಬುದು ಕವಿಯ ತೀರ್ಮಾನ. ಬೈಬಲಿನ ಅಂಕಿ ಬರೆದವನದಲ್ಲ. ಮುದ್ರಕನ ಅಂಕಿಯನ್ನು ಕರ್ತೃವಿನ ವಿರಾಮವೆಂದು ತಿಳಿಯುವುದು ಗ್ರಂಥಸಂಪಾದನೆಯ ಮೊದಲ ಪಾಠವನ್ನೇ ಮರೆತಂತೆ.

ಪೂರ್ವಾಪರ ಕಳೆದುಹೋದರೆ ಎಷ್ಟು ನಷ್ಟವೆಂಬುದನ್ನು ಹಳಗನ್ನಡದ ವಿದ್ಯಾರ್ಥಿಗೆ ಬೇರೆಯಾಗಿ ಹೇಳಬೇಕಿಲ್ಲ. ಒಂದನೆಯ ಗುಣವರ್ಮನ ‘ಶೂದ್ರಕ’ ಮತ್ತು ‘ಹರಿವಂಶ’ಗಳು ಇಡಿಯಾಗಿ ದೊರೆತಿಲ್ಲ, ಲಾಕ್ಷಣಿಕರೂ ಸಂಕಲನಕಾರರೂ ಎತ್ತಿಕೊಟ್ಟ ಬಿಡಿ ಪದ್ಯಗಳಲ್ಲಿ ಮಾತ್ರ ಉಳಿದಿವೆ. ಮಲ್ಲಿಕಾರ್ಜುನನ ‘ಸೂಕ್ತಿಸುಧಾರ್ಣವ’ದಲ್ಲಿ, ಅವನ ಮಗ ಕೇಶಿರಾಜನ ‘ಶಬ್ದಮಣಿದರ್ಪಣ’ದ ಪ್ರಯೋಗಗಳಲ್ಲಿ ಸಿಗುವ ಎಷ್ಟೋ ಪದ್ಯಗಳ ಎದುರು ಸಂಶೋಧಕರು ತಡವರಿಸುತ್ತಾರೆ: ಯಾರು ಯಾರಿಗೆ ಹೇಳಿದ ಮಾತು? ನಾಯಕನದೋ, ಪ್ರತಿನಾಯಕನದೋ? ಹೊಗಳಿಕೆಯೋ, ವ್ಯಂಗ್ಯವೋ? ಕಾವ್ಯವೇ ಇಲ್ಲದಿರುವುದರಿಂದ ಅಲ್ಲಿ ಉತ್ತರವಿಲ್ಲ. ಬೈಬಲಿನ ವಿಷಯದಲ್ಲಿ ಈ ಬಡತನವಿಲ್ಲ. ಪುಟ ತಿರುವಿದರೆ ಹಿಂದಿನ ಮಾತೂ ಸಿಗುತ್ತದೆ, ಮುಂದಿನ ಮಾತೂ ಸಿಗುತ್ತದೆ. ಗುಣವರ್ಮನ ಒಂದು ಪದ್ಯದ ಸಂದರ್ಭಕ್ಕಾಗಿ ಹಂಬಲಿಸುವ ವಿದ್ವತ್ತು, ಕೈಯಲ್ಲೇ ಇರುವ ಸಂದರ್ಭವನ್ನು ನೋಡದೆ ಬೈಬಲಿನ ಮೇಲೆ ತೀರ್ಪು ಕೊಡುವುದಾದರೆ ಅದನ್ನು ಸೋಮಾರಿತನವೆನ್ನದೆ ಬೇರೇನೆನ್ನಬೇಕು?

ಮೂರು ನಿದರ್ಶನಗಳು ಸಾಕು. ಮೊದಲನೆಯದು ಖಂಡನಕಾರರ ಅಚ್ಚುಮೆಚ್ಚಿನದು. ಮತ್ತಾಯನ ಸುವಾರ್ತೆಯ ಹತ್ತನೆಯ ಅಧ್ಯಾಯದ 34ನೆಯ ವಚನದಲ್ಲಿ ಯೇಸು ತಾನು ತಂದದ್ದು ಸಮಾಧಾನವನ್ನಲ್ಲ, ಖಡ್ಗವನ್ನು ಎಂಬರ್ಥದ ಮಾತನ್ನಾಡುತ್ತಾನೆ. ಇದೊಂದನ್ನೇ ಹಿಡಿದು ಕ್ರೈಸ್ತಧರ್ಮವು ಹಿಂಸೆಯ ಬೋಧೆಯೆಂದು ಸಾಧಿಸುವವರಿದ್ದಾರೆ. ಆ ಅಧ್ಯಾಯವು ಹನ್ನೆರಡು ಮಂದಿ ಶಿಷ್ಯರನ್ನು ಊರೂರಿಗೆ ಕಳುಹಿಸುವಾಗ ಹೇಳಿದ ಬುದ್ಧಿಮಾತು. ಅವರು ಕೋಲನ್ನೂ ಒಯ್ಯಬಾರದು, ಅವರನ್ನು ಹಿಡಿದೊಪ್ಪಿಸುವರು, ಒಂದೂರಿನಲ್ಲಿ ಹಿಂಸಿಸಿದರೆ ಮತ್ತೊಂದೂರಿಗೆ ಓಡಿಹೋಗಬೇಕು: ಖಡ್ಗದ ಮಾತಿಗೆ ಮುನ್ನ ಬರುವುದು ಇದು. ಅದರ ಮರುವಚನದಲ್ಲೇ ಮೀಕ ಪ್ರವಾದಿಯ ಮಾತನ್ನು ನೆನೆದು, ತಂದೆ-ಮಗ, ತಾಯಿ-ಮಗಳು, ಅತ್ತೆ-ಸೊಸೆಯರ ನಡುವೆ ಬಿರುಕು ಬೀಳುವುದೆಂದು ವಿವರಿಸಲಾಗಿದೆ. ಲೂಕನು ಇದೇ ಮಾತನ್ನು ಹೇಳುವಾಗ ಖಡ್ಗದ ಬದಲು ಭೇದವೆಂಬ ಅರ್ಥದ ಪದವನ್ನೇ ಬಳಸುತ್ತಾನೆ. ಮತ್ತಾಯನ 26ನೆಯ ಅಧ್ಯಾಯದಲ್ಲಿ ಶಿಷ್ಯನೊಬ್ಬ ನಿಜವಾದ ಖಡ್ಗವನ್ನು ಹಿರಿದಾಗ ಅದನ್ನು ಒರೆಗೆ ಸೇರಿಸೆಂದು ಆಜ್ಞೆಯಾಗುತ್ತದೆ. ಕೋಲನ್ನೂ ಕೊಡದೆ ಕಳುಹಿಸಿದವನು ಕತ್ತಿ ಕೊಟ್ಟನೆಂದು ಹೇಳುವ ಓದು ಯಾವ ಓದು?

ಎರಡನೆಯದು ಭಕ್ತರ ಅಚ್ಚುಮೆಚ್ಚಿನದು. ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯದ 11ನೆಯ ವಚನ, ಒಳ್ಳೆಯ ಭವಿಷ್ಯದ ಭರವಸೆಯಾಗಿ, ಪರೀಕ್ಷೆಗೆ ಹೋಗುವವರ ಕೈಗೂ ಉದ್ಯೋಗ ಅರಸುವವರ ಕೈಗೂ ಸಿಗುತ್ತದೆ. ಅದು ಬಾಬಿಲೋನಿಗೆ ಸೆರೆಹೋದ ಜನರಿಗೆ ಯೆರೂಸಲೇಮಿನಿಂದ ಬರೆದ ಪತ್ರದ ನಡುವಿನ ಮಾತು. ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿ ಎರಡೇ ವರ್ಷಗಳಲ್ಲಿ ಸೆರೆ ಮುಗಿಯುವುದೆಂದು ಜನರಿಗೆ ಹಿತವಾದ ಸುಳ್ಳನ್ನು ಹೇಳಿದ್ದ. ಅದಕ್ಕೆ ಎದುರಾಗಿ ಯೆರೆಮೀಯನು ಮನೆ ಕಟ್ಟಿರಿ, ತೋಟ ಹಾಕಿರಿ, ಆ ಪರದೇಶದ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದು ಬರೆಯುತ್ತಾನೆ. ಹತ್ತನೆಯ ವಚನದಲ್ಲಿ ಅವಧಿ ಎಪ್ಪತ್ತು ವರ್ಷಗಳೆಂದು ಹೇಳಿಬಿಡುತ್ತಾನೆ. ಪತ್ರವನ್ನು ಕೇಳಿದವರಲ್ಲಿ ಹೆಚ್ಚಿನವರು ಆ ನೆಲದಲ್ಲೇ ಸಾಯುವವರು. ಬೇಗ ಒಳ್ಳೆಯದಾಗುತ್ತದೆಂಬ ಸುಳ್ಳು ಭರವಸೆಯನ್ನು ಖಂಡಿಸಲು ಬರೆದ ಪತ್ರದಿಂದಲೇ ಒಂದು ವಚನವನ್ನು ಕಿತ್ತು, ಬೇಗ ಒಳ್ಳೆಯದಾಗುತ್ತದೆಂಬ ಭರವಸೆಯಾಗಿ ಹಂಚಲಾಗುತ್ತಿದೆ. ಹನನ್ಯನ ಮಾತಿಗೆ ಯೆರೆಮೀಯನ ರುಜು ಬಿದ್ದಂತಾಯಿತು.

ಮೂರನೆಯದು ಮಾತನಾಡುವವನು ಯಾರೆಂಬ ಪ್ರಶ್ನೆ. ಯೋಬನ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ, ಮೊದಲು ಅಲ್ಪವಾಗಿದ್ದದ್ದು ಕಡೆಗೆ ಬಹಳವಾಗಿ ಹೆಚ್ಚುವುದೆಂಬ ಆಶಯದ ಮಾತಿದೆ. ಹೊಸ ಮನೆಗೂ ಹೊಸ ಅಂಗಡಿಗೂ ಒಪ್ಪುವ ಹಾರೈಕೆಯಂತೆ ಅದು ಕಾಣುತ್ತದೆ. ಹೇಳಿದವನು ಬಿಲ್ದದ. ಅದೇ ಉಸಿರಿನಲ್ಲಿ ಅವನು, ಮಕ್ಕಳನ್ನು ಕಳೆದುಕೊಂಡು ಬೂದಿಯಲ್ಲಿ ಕುಳಿತ ತಂದೆಗೆ, ನಿನ್ನ ಮಕ್ಕಳು ತಮ್ಮ ಪಾಪದಿಂದಲೇ ಸತ್ತರೆಂಬಂತೆ ಚುಚ್ಚಿ ನುಡಿದಿದ್ದಾನೆ. ಗ್ರಂಥದ ಕೊನೆಯ ಅಧ್ಯಾಯದಲ್ಲಿ ದೇವರು ಈ ಮಿತ್ರರ ಮೇಲೆ ಸಿಟ್ಟಾಗಿ, ನಿಮ್ಮ ಮಾತು ಯುಕ್ತವಲ್ಲವೆಂದು ತೀರ್ಪು ಕೊಡುತ್ತಾನೆ. ಗ್ರಂಥವೇ ತಪ್ಪೆಂದು ಹೇಳಿದ ಪಾತ್ರದ ಮಾತನ್ನು ಗ್ರಂಥದ ಬೋಧೆಯೆಂದು ಎತ್ತುವುದು, ದುರ್ಯೋಧನನ ಮಾತನ್ನು ವ್ಯಾಸನ ಮತವೆಂದು ಹೇಳುವುದಕ್ಕೆ ಸಮಾನ. ಮತ್ತಾಯನ ನಾಲ್ಕನೆಯ ಅಧ್ಯಾಯವು ಇದನ್ನೇ ಕಥೆಯಾಗಿ ಹೇಳಿದೆ. ಅಲ್ಲಿ ಸೈತಾನನು ಕೀರ್ತನೆಯೊಂದರ ವಚನವನ್ನು ಸರಿಯಾಗಿಯೇ ಉದ್ಧರಿಸುತ್ತಾನೆ. ಯೇಸು ಧರ್ಮೋಪದೇಶಕಾಂಡದ ಮತ್ತೊಂದು ಮಾತಿನಿಂದ ಅದರ ಮಿತಿಯನ್ನು ತೋರಿಸುತ್ತಾನೆ. ಉದ್ಧರಣೆ ಸರಿಯಿದ್ದೂ ಅರ್ಥ ತಪ್ಪಬಹುದೆಂಬುದು ಆ ಗ್ರಂಥದ ಸ್ವಂತ ಎಚ್ಚರಿಕೆ.

ಈ ವಿಧಾನದ ದೋಷ ಜೈನರಿಗೆ ಅಪರಿಚಿತವಲ್ಲ. ದಯಾನಂದ ಸರಸ್ವತಿಯವರ ‘ಸತ್ಯಾರ್ಥ ಪ್ರಕಾಶ’ದ ಹನ್ನೆರಡನೆಯ ಸಮುಲ್ಲಾಸವು ಚಾರ್ವಾಕ, ಬೌದ್ಧ, ಜೈನ ಮತಗಳ ಖಂಡನೆ, ಹದಿಮೂರನೆಯದು ಬೈಬಲಿನ ಖಂಡನೆ. ವಚನವನ್ನು ಎತ್ತುವುದು, ಅದರ ಕೆಳಗೆ ಸಮೀಕ್ಷೆ ಬರೆಯುವುದು, ಮುಂದಿನ ವಚನಕ್ಕೆ ಹೋಗುವುದು: ಎರಡು ಮತಗಳೂ ಅಕ್ಕಪಕ್ಕದ ಅಧ್ಯಾಯಗಳಲ್ಲಿ ಒಂದೇ ಕತ್ತರಿಗೆ ಸಿಕ್ಕಿವೆ. ಹನ್ನೆರಡನೆಯದನ್ನು ಓದಿ ನೊಂದ ಜೈನ ಓದುಗನು ಹದಿಮೂರನೆಯದನ್ನು ಓದಿ ಮೆಚ್ಚಿದರೆ ಅವನ ನೋವು ನ್ಯಾಯದಿಂದ ಬಂದದ್ದಲ್ಲ, ಸ್ವಪಕ್ಷದ ಅಭಿಮಾನದಿಂದ ಬಂದದ್ದು. ಕ್ರೈಸ್ತ ಪ್ರಚಾರಕರಿಗೂ ಇದೇ ಮಾತು ಸಲ್ಲುತ್ತದೆ. ಪುರಾಣದ ಒಂದು ಶ್ಲೋಕವನ್ನು ಕಿತ್ತು ನಗೆಗೀಡುಮಾಡಿದವರು ತಮ್ಮ ಗ್ರಂಥಕ್ಕೆ ಸಂದರ್ಭದ ರಕ್ಷಣೆಯನ್ನು ಕೇಳುವ ಅರ್ಹತೆಯನ್ನು ಕಳೆದುಕೊಂಡವರು.

ಸಂದರ್ಭದ ವಾದವು ಪಾಶ್ಚಾತ್ಯ ಬೈಬಲ್ ವಿಮರ್ಶೆಯ ಆಮದು ಎನ್ನುವವರು ಈ ದೇಶದ ಶಾಸ್ತ್ರಗಳನ್ನು ಓದಬೇಕು. ‘ಸೈಂಧವವನ್ನು ತಾ’ ಎಂದರೆ ಊಟದ ಹೊತ್ತಿನಲ್ಲಿ ಉಪ್ಪು, ಪಯಣದ ಹೊತ್ತಿನಲ್ಲಿ ಕುದುರೆ; ಇದು ಪ್ರಕರಣದಿಂದ ಅರ್ಥನಿರ್ಣಯಕ್ಕೆ ಶಾಸ್ತ್ರಕಾರರು ಕೊಟ್ಟ ಹಳೆಯ ಉದಾಹರಣೆ. ಬೇರ್ಪಡಿಸಿದಾಗ ಪದಗಳು ಒಂದನ್ನೊಂದು ಅಪೇಕ್ಷಿಸುತ್ತಿದ್ದರೆ ಅವೆಲ್ಲ ಸೇರಿ ಒಂದೇ ವಾಕ್ಯವೆಂದು ಜೈಮಿನಿಯ ಸೂತ್ರ ನಿರ್ಣಯಿಸಿದೆ. ಈ ಸೂತ್ರದ ಅಳತೆಯಲ್ಲಿ, ಕಿತ್ತ ಮೇಲೆ ಆಕಾಂಕ್ಷೆ ಉಳಿಯುವ ಬೈಬಲ್ ವಚನವು ವಾಕ್ಯವೇ ಅಲ್ಲ. ಉಪಕ್ರಮ-ಉಪಸಂಹಾರಗಳನ್ನು ನೋಡದೆ ತಾತ್ಪರ್ಯವನ್ನು ಹೇಳಬಾರದೆಂಬುದು ಮೀಮಾಂಸಕರ ಕಟ್ಟಳೆ. ಜೈನ ತರ್ಕವು ಇನ್ನೂ ಮುಂದೆ ಹೋಗಿ, ಯಾವ ಹೇಳಿಕೆಯನ್ನೂ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ಅಪೇಕ್ಷೆಯಲ್ಲಿ ಗ್ರಹಿಸಬೇಕೆಂದಿತು. ಒಂದು ದೃಷ್ಟಿಯಿಂದ ಹೇಳಿದ ಮಾತು ನಯ. ಅದೇ ಮಾತು ಉಳಿದ ದೃಷ್ಟಿಗಳನ್ನು ಅಲ್ಲಗಳೆದು ತಾನೇ ಪೂರ್ಣವೆಂದು ನಿಂತರೆ ದುರ್ನಯ. ಬಿಡಿ ವಚನದ ಹಟಕ್ಕೆ ಜೈನ ಪರಿಭಾಷೆಯಲ್ಲಿ ಇದಕ್ಕಿಂತ ಸರಿಯಾದ ಹೆಸರಿಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಒಂದು: ಸಂದರ್ಭವೆಂಬುದು ಕಷ್ಟದ ವಚನಗಳಿಂದ ಜಾರಿಕೊಳ್ಳಲು ಮತಾಭಿಮಾನಿಗಳು ಹಿಡಿಯುವ ಗುರಾಣಿ. ಈ ಆಕ್ಷೇಪದಲ್ಲಿ ತಿರುಳಿದೆ. ಆದರೆ ಗುರಾಣಿಯಾಗುವುದು ಅರ್ಧ ಸಂದರ್ಭ. ಪೂರ್ಣ ಸಂದರ್ಭ ಯಾರ ಪಕ್ಷವನ್ನೂ ವಹಿಸುವುದಿಲ್ಲ. 137ನೆಯ ಕೀರ್ತನೆಯ ಕೊನೆಯಲ್ಲಿ ಬಾಬಿಲೋನಿನ ಶಿಶುಗಳ ಮೇಲೆ ಕ್ರೂರವಾದ ಸೇಡಿನ ಆಶೆ ವ್ಯಕ್ತವಾಗಿದೆ. ಕ್ರಿ.ಪೂ. 586ರಲ್ಲಿ ನಗರವೂ ದೇವಾಲಯವೂ ನಾಶವಾದದ್ದನ್ನು ಕಂಡ ಜನರ ಗೋಳು ಅದು ಎಂದು ಸಂದರ್ಭ ತಿಳಿಸುತ್ತದೆ. ಆ ಮಾತು ವಿಧಿಯಲ್ಲ, ಆಕ್ರಂದನ ಎಂದೂ ತಿಳಿಸುತ್ತದೆ. ಅದನ್ನು ಅಹಿಂಸೆಯಾಗಿ ಮಾರ್ಪಡಿಸಿಕೊಡುವುದಿಲ್ಲ. ಭೀಕರವಾದದ್ದು ಸಂದರ್ಭದಲ್ಲಿಯೂ ಭೀಕರವಾಗಿಯೇ ಉಳಿಯಬಹುದು. ಓದುಗನಿಗೆ ದೊರೆಯುವುದು ಸಮರ್ಥನೆಯಲ್ಲ, ತಿಳಿವಳಿಕೆ.

ಎರಡನೆಯ ಆಕ್ಷೇಪ: ಸುಭಾಷಿತ, ಗಾದೆ, ವಚನಗಳು ಒಂಟಿಯಾಗಿಯೇ ಬಾಳುತ್ತವೆ, ಬೈಬಲಿನ ಸಾಲೂ ಹಾಗೆ ಬಾಳಬಾರದೇಕೆ? ಒಂಟಿಯಾಗಿ ಬಾಳಲೆಂದೇ ರಚಿತವಾದವು ಬಾಳಲಿ. ಬೈಬಲಿನಲ್ಲಿಯೂ ಜ್ಞಾನೋಕ್ತಿಗಳ ಗ್ರಂಥದಲ್ಲಿ ಅಂತಹವು ಹಲವಿವೆ. ಪತ್ರ, ಸಂವಾದ, ಕಥನಗಳ ಸಾಲುಗಳಿಗೆ ಆ ಸೌಲಭ್ಯವಿಲ್ಲ. ಒಂಟಿಯಾಗಿ ನಿಲ್ಲಬಲ್ಲ ಶರಣರ ವಚನಗಳಿಗೂ ಸಂದರ್ಭ ಬೇಕೆನಿಸಿ 15ನೆಯ ಶತಮಾನದ ‘ಶೂನ್ಯಸಂಪಾದನೆ’ಯ ಸಂಕಲನಕಾರರು ಅವನ್ನು ಸಂವಾದದ ಚೌಕಟ್ಟಿಗೆ ತಂದರು. ಆ ಚೌಕಟ್ಟು ಎಷ್ಟು ಚಾರಿತ್ರಿಕ ಎಂಬುದು ಬೇರೆ ಚರ್ಚೆ. ಮಾತಿಗೆ ಹೇಳುವವನೂ ಕೇಳುವವನೂ ಬೇಕೆಂಬ ಅರಿವು ಅಲ್ಲಿದೆ. ಹರಿದಾಸರ ನಿಂದಾಸ್ತುತಿಯ ಒಂದು ಚರಣವನ್ನಷ್ಟೇ ಕಿತ್ತು ಓದಿದರೆ ದೈವನಿಂದೆ ಸಿಗುತ್ತದೆ. ಪಲ್ಲವಿಯೊಂದಿಗೆ ಹಾಡಿದರೆ ಭಕ್ತಿ ಸಿಗುತ್ತದೆ. ಭೀಮವ್ವನ ನಾಡಿನ ಹಾಡುಗಾರರಿಗೆ ಗೊತ್ತಿರುವ ಈ ವಿವೇಕ ಪ್ರಬಂಧಕಾರರಿಗೆ ಗೊತ್ತಿರಬಾರದೇ?

ಪರರ ಗ್ರಂಥಕ್ಕೆ ಹೇಳುವ ಈ ನ್ಯಾಯವನ್ನು ಜೈನ ವಿದ್ವತ್ತು ತನ್ನ ಮನೆಯಲ್ಲಿಯೂ ನಡೆಸಬೇಕು. ಮನುಷ್ಯಜಾತಿ ಒಂದೇ ಎಂಬ ಆಶಯದ ಪಂಪನ ಮಾತನ್ನು ‘ಆದಿಪುರಾಣ’ದಿಂದ ಎತ್ತಿ, ವರ್ಣವ್ಯವಸ್ಥೆಯ ನಿರಾಕರಣೆಯಾಗಿ ಸಭೆಗಳಲ್ಲಿ ಘೋಷಿಸಲಾಗುತ್ತದೆ. ಪಂಪನ ಆಕರವಾದ ಜಿನಸೇನಾಚಾರ್ಯರ ‘ಪೂರ್ವಪುರಾಣ’ದಲ್ಲಿ ಆ ವಿಚಾರ ಬರುವ ಪ್ರಕರಣ ಭರತ ಚಕ್ರವರ್ತಿಯು ವ್ರತಿಗಳನ್ನು ಪರೀಕ್ಷಿಸಿ ಬ್ರಾಹ್ಮಣವರ್ಣವನ್ನು ಏರ್ಪಡಿಸುವ 38ನೆಯ ಪರ್ವ. ಮನುಷ್ಯಜಾತಿಯು ಒಂದೇ ಕರ್ಮದ ಉದಯದಿಂದ ಬಂದದ್ದೆಂದು ಕರ್ಮಸಿದ್ಧಾಂತದ ಪರಿಭಾಷೆಯಲ್ಲಿ ಹೇಳಿ, ವೃತ್ತಿಭೇದದಿಂದ ಅದು ನಾಲ್ಕಾಗುವುದೆಂದು ಆಚಾರ್ಯರು ಕೂಡಲೇ ಮುಂದುವರಿಸುತ್ತಾರೆ. ವ್ರತಸಂಸ್ಕಾರದಿಂದ ಬ್ರಾಹ್ಮಣ, ಶಸ್ತ್ರಧಾರಣೆಯಿಂದ ಕ್ಷತ್ರಿಯ ಎಂದು ಲಕ್ಷಣಗಳನ್ನೂ ಕೊಡುತ್ತಾರೆ. ಜನ್ಮದಿಂದ ವರ್ಣವೆಂಬ ವಾದಕ್ಕೆ ಇದು ಬಲವಾದ ಪೆಟ್ಟು. ಆದರೆ ವರ್ಣವೇ ಇಲ್ಲವೆಂಬ ಆಧುನಿಕ ಘೋಷಣೆಯಲ್ಲ. ಈ ಸಂದರ್ಭವನ್ನು ಒಪ್ಪಿದರೆ ಪಂಪನು ಕುಗ್ಗುವುದಿಲ್ಲ. ಹತ್ತನೆಯ ಶತಮಾನದ ಕವಿಯು ತನ್ನ ಕಾಲದೊಳಗೆ ಎಷ್ಟು ದೂರ ನಡೆದನೆಂಬುದು ನಿಜವಾಗಿ ಕಾಣುತ್ತದೆ.

ಶ್ರವಣಬೆಳಗೊಳದ 1368ರ ಬುಕ್ಕರಾಯನ ಶಾಸನಕ್ಕೂ ಇದೇ ಗತಿಯಾಗಿದೆ. ಜೈನದರ್ಶನಕ್ಕೂ ವೈಷ್ಣವದರ್ಶನಕ್ಕೂ ಭೇದವಿಲ್ಲವೆಂಬ ಅದರ ಸಾರವನ್ನಷ್ಟೇ ಎತ್ತಿ ಪರಧರ್ಮಸಹಿಷ್ಣುತೆಯ ಸ್ಮಾರಕವೆಂದು ಪಠ್ಯಗಳು ಸ್ತುತಿಸುತ್ತವೆ. ಶಾಸನ ಆರಂಭವಾಗುವುದು ಜೈನರು ತಮಗಾದ ಅನ್ಯಾಯವನ್ನು ಅರಸನಲ್ಲಿ ಬಿನ್ನವಿಸಿಕೊಳ್ಳುವುದರಿಂದ. ಮುಂದೆ, ಜೈನರು ಮನೆಗೊಂದು ಹಣದಂತೆ ವರ್ಷಕ್ಕೆ ಸಲ್ಲಿಸಬೇಕು, ಅದರಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಮಂದಿಯನ್ನಿಡಬೇಕು, ಉಳಿದ ಹಣದಲ್ಲಿ ಬಸದಿಗಳಿಗೆ ಸುಣ್ಣ ಬಳಿಸಬೇಕು ಎಂಬ ಏರ್ಪಾಡಿದೆ. ಕಾವಲು ಬೇಕಾಗಿದ್ದ ಕಾಲದ ಒಪ್ಪಂದವಿದು. ಅರಸನ ನ್ಯಾಯವನ್ನು ಮೆಚ್ಚೋಣ. ಆ ನ್ಯಾಯ ಅಗತ್ಯವಾದ ಕಾರಣವನ್ನು ಅಳಿಸಿ ಮೆಚ್ಚುವುದು ಬೇಡ.

ಆದ್ದರಿಂದ ಬೈಬಲಿನ ಒಂದು ವಚನವನ್ನು ಪ್ರಬಂಧದಲ್ಲಿ ಉದ್ಧರಿಸುವ ವಿದ್ಯಾರ್ಥಿಯು, ಪಂಪನಿಗೂ ಶಾಸನಕ್ಕೂ ಸಲ್ಲಿಸಬೇಕಾದ ಶಿಸ್ತನ್ನೇ ಅದಕ್ಕೂ ಸಲ್ಲಿಸಬೇಕು. ಹೇಳಿದವನು ಯಾರು, ಕೇಳಿದವರು ಯಾರು ಎಂದು ಬರೆಯಬೇಕು. ಪತ್ರವೋ, ಹಾಡೋ, ಕಟ್ಟಳೆಯೋ, ಪಾತ್ರದ ಮಾತೋ ಎಂದು ಗುರುತಿಸಬೇಕು. ವಾಕ್ಯ ಎಲ್ಲಿ ತೊಡಗಿ ಎಲ್ಲಿ ಮುಗಿಯುವುದೆಂದು ಅಂಕಿಯನ್ನು ಮರೆತು ನೋಡಬೇಕು. ಅಧ್ಯಾಯವನ್ನಾದರೂ ಪೂರ್ತಿ ಓದದೆ ವಚನವನ್ನು ಮುಟ್ಟಬಾರದು. ಮಾರ್ಗದರ್ಶಕರು ಇಷ್ಟನ್ನು ಕೇಳಬೇಕು; ಉತ್ತರವಿಲ್ಲದ ಉದ್ಧರಣೆಯನ್ನು, ಅದು ಯಾವ ಮತವನ್ನು ಹೊಗಳಿದರೂ ಯಾವ ಮತವನ್ನು ತೆಗಳಿದರೂ, ಪ್ರಬಂಧದಿಂದ ತೆಗೆದುಹಾಕಿಸಬೇಕು.